ಮೂವತ್ತು ದಿನದ ‘ಉಚಿತ ಟ್ರಯಲ್’: ಕಾಲೇಜು ಲೈಬ್ರರಿಗೆ ಇದರಿಂದ ನಿಜಕ್ಕೂ ಏನು ಸಿಗುತ್ತದೆ?

ಡೇಟಾಬೇಸ್ ಕಂಪನಿಗಳು, ಪ್ರಕಾಶಕರು ಕಾಲೇಜು ಲೈಬ್ರರಿಗಳಿಗೆ ಕೊಡುವ ಮೂವತ್ತು ದಿನದ ಟ್ರಯಲ್‌ಗೆ ದುಡ್ಡಿಲ್ಲ. ದುಡ್ಡಿಲ್ಲ ಅನ್ನುವ ಕಾರಣಕ್ಕೇ ಅದನ್ನು ಯಾರೂ ಒಂದು ಸೇವೆ ಎಂದು ತೂಗಿ ನೋಡುವುದಿಲ್ಲ. ಲಿಂಕ್ ಬರುತ್ತದೆ, ಅಧ್ಯಾಪಕರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹೋಗುತ್ತದೆ, ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ನೇತಾಡುತ್ತದೆ, ತಿಂಗಳು ಮುಗಿಯುತ್ತದೆ. ಸೇಲ್ಸ್‌ನವರು ಫೋನ್ ಮಾಡಿ “ಹೇಗಿತ್ತು ಸರ್, ಕೊಟೇಷನ್ ಕಳಿಸ್ಲಾ?” ಎಂದು ಕೇಳುವ ಹೊತ್ತಿಗೆ ಲೈಬ್ರರಿಯ ಕೈಯಲ್ಲಿ ಹೇಳುವಂಥದ್ದು ಏನೂ ಇರುವುದಿಲ್ಲ. ಆಮೇಲೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರ ಭೇಟಿ ಹತ್ತಿರ ಬಂದಾಗ, ಲೈಬ್ರರಿಗೆ ಸಂಬಂಧಿಸಿದ 4.2ರ ಪಟ್ಟಿಯಲ್ಲಿ ಒಂದು ಸಾಲು ತುಂಬಬೇಕು ಅಂತ ಅದೇ ಪ್ಯಾಕೇಜನ್ನು ಅವಸರದಲ್ಲಿ ಕೊಳ್ಳುವುದೂ ಉಂಟು.

ಮೊದಲೇ ತೀರ್ಪು ಹೇಳಿಬಿಡುತ್ತೇವೆ. ಇ-ಪುಸ್ತಕ ವೇದಿಕೆಗಳ ಟ್ರಯಲ್‌ಗೆ ಐದಕ್ಕೆ ನಾಲ್ಕು ಅಂಕ. ಲೇಖನಗಳ ಸಾರಾಂಶವನ್ನೂ ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂಬುದನ್ನೂ ಕೊಡುವ ಸಾರಾಂಶ ಮತ್ತು ಸೈಟೇಷನ್ ಡೇಟಾಬೇಸ್‌ಗಳ ಟ್ರಯಲ್‌ಗೆ ಮೂರು. ಜರ್ನಲ್ ಪ್ಯಾಕೇಜುಗಳ ಟ್ರಯಲ್‌ಗೆ, ಅದರಲ್ಲೂ ಸರ್ಕಾರಿ ಸಂಸ್ಥೆಗಳ ಮಟ್ಟಿಗೆ, ಒಂದೂವರೆ. ಈ ಅಂಕಗಳೆಲ್ಲ ಅಧ್ಯಾಪಕರು ತಮ್ಮ ಪಾಠಪಟ್ಟಿ ಹಿಡಿದು ಕೂತಿದ್ದರೆ ಮಾತ್ರ. ಅವರು ಕೂರದಿದ್ದರೆ ಮೂರಕ್ಕೂ ಸೊನ್ನೆ.

ಮನೆಯಲ್ಲೇ ಇರುವುದನ್ನು ಮೊದಲು ನೋಡಿ

ಜರ್ನಲ್ ಪ್ಯಾಕೇಜಿಗೆ ಅಷ್ಟು ಕಡಿಮೆ ಅಂಕ ಏಕೆಂದರೆ ಸರ್ಕಾರಿ ಸಂಸ್ಥೆಗಳ ಪರವಾಗಿ ಕೇಂದ್ರವೇ ಜರ್ನಲ್‌ಗಳಿಗೆ ಒಟ್ಟಿಗೆ ಚಂದಾ ಕಟ್ಟುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಬಂದಿದೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರ ಹತ್ತಿರ 13,000 ಜರ್ನಲ್. ಎಲ್ಸ್‌ವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಅಂಡ್ ಫ್ರಾನ್ಸಿಸ್, ಸೇಜ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎಲ್ಲವೂ ಅದರೊಳಗಿವೆ. ನಡೆಸುತ್ತಿರುವುದು ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಕೇಂದ್ರ, ಗಾಂಧಿನಗರದ ಇನ್‌ಫ್ಲಿಬ್‌ನೆಟ್. ಇಷ್ಟು ಕೈಗೆ ಸಿಕ್ಕಿರುವ ಸರ್ಕಾರಿ ಕಾಲೇಜು ಇವೇ ಪ್ರಕಾಶಕರ ಜರ್ನಲ್‌ಗಳಿಗೆ ಇನ್ನೊಂದು ದಾರಿಯಿಂದ ಟ್ರಯಲ್ ತೆಗೆದುಕೊಳ್ಳುವುದು ಕೆಲಸ ಕೆಟ್ಟವರ ಕೆಲಸ. ಆದರೆ ಯೋಜನೆ ಇರುವುದು ಸರ್ಕಾರದ ಆಡಳಿತದಲ್ಲಿರುವ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ಖಾಸಗಿ ಕಾಲೇಜುಗಳ ಲೆಕ್ಕ ಬೇರೆ. ಇ-ಪುಸ್ತಕಗಳು, ಸ್ಕೋಪಸ್‌ನಂಥ ಸೈಟೇಷನ್ ಡೇಟಾಬೇಸ್‌ಗಳು ಇದರ ಹೊರಗೇ ಉಳಿದಿವೆ. ಟ್ರಯಲ್‌ಗೆ ನಿಜವಾದ ಕೆಲಸ ಇರುವುದು ಅಲ್ಲಿ.

ಪದವಿ ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಕೊಡುವ ಎನ್-ಲಿಸ್ಟ್ 2010ರಿಂದ ಇದೆ. ವಿಟಿಯು ವ್ಯಾಪ್ತಿಯ ಎಂಜಿನಿಯರಿಂಗ್ ಕಾಲೇಜುಗಳಿಗೆ ವಿಶ್ವವಿದ್ಯಾಲಯದ್ದೇ ಕನ್ಸಾರ್ಷಿಯಂ, ಅಂದರೆ ಎಲ್ಲರೂ ಸೇರಿ ಚಂದಾ ಕಟ್ಟುವ ಕೂಟ, ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಿಗೆ 2003ರಿಂದ ಹೆಲಿನೆಟ್ ಎಂಬ ಅಂಥದ್ದೇ ಕೂಟ ಇದೆ. ಸಿವಿಲ್ ವಿಭಾಗದವರು ಐಎಸ್ 456ರಂಥ ಭಾರತೀಯ ಮಾನಕಗಳಿಗಾಗಿ ಯಾವುದೋ ‘ಸ್ಟ್ಯಾಂಡರ್ಡ್ಸ್ ಪ್ಯಾಕೇಜ್’ ಕೇಳಿದರೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಪೋರ್ಟಲ್ ತೋರಿಸಿ. ಅಲ್ಲಿ ನೋಂದಾಯಿಸಿಕೊಂಡರೆ ಅವು ಪುಕ್ಕಟೆ ಇಳಿಯುತ್ತವೆ.

ಹಾಗಾಗಿ ಟ್ರಯಲ್ ಶುರುವಾಗುವ ಮೊದಲೇ ಕಂಪನಿಯಿಂದ ಎರಡು ಸಂಗತಿ ತರಿಸಿಕೊಳ್ಳಿ: ಬೆಲೆ ಮತ್ತು ಶೀರ್ಷಿಕೆಗಳ ಪಟ್ಟಿ. ಬೆಲೆಯನ್ನು ‘ಟ್ರಯಲ್ ಆದಮೇಲೆ ಮಾತಾಡೋಣ’ ಅಂದರೆ ಒಪ್ಪಬೇಡಿ. ಬಜೆಟ್‌ಗೆ ಎಟುಕದ ಸರಕಿಗೆ ಅಧ್ಯಾಪಕರನ್ನು ಒಂದು ತಿಂಗಳು ಒಗ್ಗಿಸಿ ಆಮೇಲೆ ಕಿತ್ತುಕೊಂಡರೆ ಬೈಸಿಕೊಳ್ಳುವುದು ಲೈಬ್ರರಿ, ಕಂಪನಿಯಲ್ಲ.

ಶೀರ್ಷಿಕೆ ಪಟ್ಟಿ ಕೆಬಾರ್ಟ್ ಎಂಬ ಸರ್ವಸಮ್ಮತ ನಮೂನೆಯಲ್ಲೇ ಬೇಕು ಎಂದು ಕೇಳಿ. ಕರಪತ್ರದಲ್ಲಿ ‘9,000ಕ್ಕೂ ಹೆಚ್ಚು ಜರ್ನಲ್’ ಎಂದಿದ್ದರೆ ಅದು ಏನನ್ನೂ ಹೇಳುವುದಿಲ್ಲ. ಕೆಬಾರ್ಟ್‌ನಲ್ಲಿ ಪ್ರತಿ ಜರ್ನಲ್ ಎಂದಿನಿಂದ ಎಂದಿನವರೆಗೆ ಇದೆ, ಪೂರ್ಣಪಾಠವೋ ಸಾರಾಂಶವೋ, ಎಂಬಾರ್ಗೊ ಎಷ್ಟು ಎಂಬುದಕ್ಕೆ ಬೇರೆ ಬೇರೆ ಕಾಲಂ ಇವೆ. ಎಂಬಾರ್ಗೊ ಕಾಲಂನಲ್ಲಿ ‘ಪಿ1ವೈ’ ಎಂದಿದ್ದರೆ ಇತ್ತೀಚಿನ ಒಂದು ವರ್ಷದ ಸಂಚಿಕೆಗಳು ಕಾಣುವುದಿಲ್ಲ ಎಂದರ್ಥ. ‘ಆರ್10ವೈ’ ಎಂದಿದ್ದರೆ ಹಿಂದಿನ ಹತ್ತು ವರ್ಷದ್ದು ಮಾತ್ರ ಸಿಗುತ್ತದೆ, ಅದಕ್ಕೂ ಹಳೆಯದು ಇಲ್ಲ. ಜೀವತಂತ್ರಜ್ಞಾನದವರಿಗೆ ಪಿ1ವೈ ಅಂದರೆ ಪ್ಯಾಕೇಜು ಅರ್ಧ ಸತ್ತ ಹಾಗೆ. ಇತಿಹಾಸದವರಿಗೆ ಅದರಿಂದ ಅಂಥ ನಷ್ಟವಿಲ್ಲ, ಅವರಿಗೆ ತೊಂದರೆ ಕೊಡುವುದು ಆರ್10ವೈ. ಒಂದೇ ಪಟ್ಟಿ ಎರಡು ವಿಭಾಗಕ್ಕೆ ಎರಡು ಬೆಲೆಯದ್ದು. ಇದನ್ನು ಹೇಳಬಲ್ಲವರು ಅಧ್ಯಾಪಕರೇ.

ಈ ಪಟ್ಟಿಯನ್ನು ಈಗಾಗಲೇ ಸಿಗುತ್ತಿರುವ ಜರ್ನಲ್‌ಗಳ ಪಟ್ಟಿಯ ಜೊತೆ ಎಕ್ಸೆಲ್‌ನಲ್ಲಿ ಐಎಸ್‌ಎಸ್‌ಎನ್ ಮೂಲಕ ತಾಳೆ ನೋಡಿ. ಐಎಸ್‌ಎಸ್‌ಎನ್ ಅಂದರೆ ಪ್ರತಿ ಜರ್ನಲ್‌ಗೂ ಇರುವ ಗುರುತಿನ ಸಂಖ್ಯೆ. ಎಡವುವುದು ಇಲ್ಲೇ. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯ ಸಂಖ್ಯೆ 0012-9976. ನಡುವಿನ ಗೆರೆ ತೆಗೆದು ಹಾಕಿದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿ 129976 ಮಾಡಿಬಿಡುತ್ತದೆ. ತಾಳೆ ನೋಡುವ ಎಕ್ಸೆಲ್ ಸೂತ್ರ ವಿಲುಕಪ್ ‘ಸಿಗಲಿಲ್ಲ’ ಅನ್ನುತ್ತದೆ, ನೀವು ಇದ್ದ ಜರ್ನಲನ್ನೇ ಹೊಸದೆಂದು ಎಣಿಸುತ್ತೀರಿ. ಫೈಲನ್ನು ನೇರವಾಗಿ ತೆರೆಯದೆ ಇಂಪೋರ್ಟ್ ಮಾಡಿ, ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗುರುತಿಸಿ. ಎರಡನೆಯ ಗುಂಡಿ: ಒಂದು ಪಟ್ಟಿಯಲ್ಲಿ ಮುದ್ರಿತ ಪ್ರತಿಯ ಐಎಸ್‌ಎಸ್‌ಎನ್, ಇನ್ನೊಂದರಲ್ಲಿ ಆನ್‌ಲೈನ್ ಪ್ರತಿಯದು. ಎರಡನ್ನೂ ಎರಡರ ಜೊತೆಗೂ ತಾಳೆ ನೋಡಬೇಕು. ಆಮೇಲೆ ಉಳಿದ ಹೆಸರುಗಳಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಮುಕ್ತ ಪ್ರವೇಶದ ಜರ್ನಲ್‌ಗಳನ್ನು ಅವುಗಳದ್ದೇ ಆದ ಡಿಒಎಜೆ ಪಟ್ಟಿ ಇಟ್ಟುಕೊಂಡು ಕಳೆಯಿರಿ. ಇಷ್ಟಾದ ಮೇಲೆ ‘9,000’ ಎಲ್ಲಿಗೆ ಇಳಿಯುತ್ತದೆ ಎಂದು ನೋಡಿದರೆ ಎಷ್ಟೋ ಸಲ ಟ್ರಯಲೇ ಬೇಡವಾಗುತ್ತದೆ.

ಅಧ್ಯಾಪಕರ ನಲವತ್ತು ನಿಮಿಷ

ಟ್ರಯಲ್ ತಿಂಗಳನ್ನು ಕಂಪನಿಗೆ ಬಿಡಬೇಡಿ. ಇಂಟರ್ನಲ್ಸ್, ವ್ಯಾಲ್ಯುಯೇಷನ್, ದಸರಾ ರಜೆ, ಅಡ್ಮಿಷನ್ನಿನ ಗಡಿಬಿಡಿ ಇವುಗಳಲ್ಲಿ ಯಾವುದು ಬಿದ್ದರೂ ಆ ಮೂವತ್ತು ದಿನ ನೀರಿನಲ್ಲಿ ಹೋಮ. ಸೆಮಿಸ್ಟರ್ ಶುರುವಾದ ಮೂರನೆಯ ವಾರದಿಂದ ಏಳನೆಯ ವಾರದ ನಡುವೆ ಜಾಗ ಹುಡುಕಿ. ಒಂದೇ ತಿಂಗಳಲ್ಲಿ ನಾಲ್ಕು ಟ್ರಯಲ್ ತೆರೆದಿಡುವುದೂ ತಪ್ಪು. ಯಾವುದು ಯಾವುದೆಂದೇ ಯಾರಿಗೂ ನೆನಪುಳಿಯುವುದಿಲ್ಲ.

‘ಎಲ್ಲರೂ ಬಳಸಿ ಅಭಿಪ್ರಾಯ ತಿಳಿಸಿ’ ಎಂಬ ಸುತ್ತೋಲೆಗೆ ಬರುವ ಉತ್ತರ ಒಂದೇ, “ಚೆನ್ನಾಗಿದೆ ಸರ್”. ಹಾಗಾಗಿ ವಿಭಾಗಕ್ಕೆ ಇಬ್ಬರನ್ನು ಹೆಸರು ಹಿಡಿದು ಕೇಳಿ. ಒಬ್ಬರು ಅಧ್ಯಯನ ಮಂಡಳಿಯಲ್ಲಿದ್ದು ಸಿಲಬಸ್ ಬರೆದವರು, ಇನ್ನೊಬ್ಬರು ಈಗ ಪಿಎಚ್‌ಡಿ ಮಾಡುತ್ತಿರುವವರು. ಮೊದಲನೆಯವರಿಗೆ ಅಲ್ಲಿ ಏನಿರಬೇಕು ಎಂಬುದು ಗೊತ್ತು, ಎರಡನೆಯವರಿಗೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು. ಎಚ್‌ಒಡಿ ಒಬ್ಬರದೇ ಸಹಿ ಸಾಕು ಎಂದು ಬಿಟ್ಟರೆ ಸಹಿ ಮಾತ್ರ ಸಿಗುತ್ತದೆ.

ಅವರಿಗೆ ಕೊಡಬೇಕಾದದ್ದು ಒಂದೇ ಹಾಳೆ, ನಲವತ್ತು ನಿಮಿಷದ ಕೆಲಸ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಉಲ್ಲೇಖಪಟ್ಟಿಯದು. ಅಧ್ಯಾಪಕರು ತಮ್ಮ ಇತ್ತೀಚಿನ ಲೇಖನದಿಂದಲೋ, ತಾವು ಮಾರ್ಗದರ್ಶನ ಮಾಡುವ ವಿದ್ಯಾರ್ಥಿಯ ಪ್ರಬಂಧದಿಂದಲೋ ಇಪ್ಪತ್ತು ಉಲ್ಲೇಖ ಆರಿಸಲಿ. ಮೊದಲು ಆ ಇಪ್ಪತ್ತನ್ನೂ ಈಗಿರುವ ಸೌಲಭ್ಯದಲ್ಲೇ ಹುಡುಕಲಿ, ಆಮೇಲೆ ಟ್ರಯಲ್‌ನಲ್ಲಿ. ಪ್ರತಿಯೊಂದಕ್ಕೂ ಮೂರರಲ್ಲಿ ಒಂದು ಗುರುತು: ಪೂರ್ಣ ಸಿಕ್ಕಿತು, ಸಾರಾಂಶ ಮಾತ್ರ, ಇಲ್ಲ. ಉದಾಹರಣೆಗೆ ಈಗಲೇ ಹದಿಮೂರು ತೆರೆಯುತ್ತವೆ, ಟ್ರಯಲ್ ಸೇರಿದರೆ ಹದಿನೈದು ಎಂದಿಟ್ಟುಕೊಳ್ಳಿ. ಆಗ ಆ ವಿಭಾಗಕ್ಕೆ ಅದರ ಬೆಲೆ ಇಪ್ಪತ್ತಕ್ಕೆ ಎರಡು. ಟ್ರಯಲ್‌ನಲ್ಲಿ ಮಾತ್ರ ಹುಡುಕಿದ್ದರೆ ಇದೇ ಸರಕು ಇಪ್ಪತ್ತಕ್ಕೆ ಹನ್ನೆರಡು ಎಂದು ಮೆರೆಯುತ್ತಿತ್ತು. ಡೆಮೊ ಕೊಡುವವರು ಯಾವಾಗಲೂ ತಾವೇ ಆರಿಸಿಕೊಂಡ ಪದ ಹಾಕಿ ಹುಡುಕಿ ತೋರಿಸುವುದು ಇದಕ್ಕೇ.

ಉಳಿದವು ಚಿಕ್ಕವು. ಮನೆಗೆ ಹೋಗಿ ಮೊಬೈಲ್ ಡೇಟಾದಲ್ಲಿ ಒಂದು ಪಿಡಿಎಫ್ ತೆರೆಯುವುದು. ಐದು ಉಲ್ಲೇಖಗಳನ್ನು ಉಲ್ಲೇಖ ಜೋಡಿಸಿಡುವ ತಂತ್ರಾಂಶ ಜೊಟೆರೊಗೆ ಕಳಿಸಿ, ಲೇಖಕರ ಹೆಸರು, ಪುಟಸಂಖ್ಯೆ ಸರಿಯಾಗಿ ಹೋಗಿವೆಯೇ ನೋಡುವುದು. ದೃಷ್ಟಿದೋಷವಿರುವ ವಿದ್ಯಾರ್ಥಿಗಳಿದ್ದರೆ ತೆರೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿ ಒಂದು ಅಧ್ಯಾಯ ಓದಿಸುವುದು. ಪುಟವೆಲ್ಲ ಚಿತ್ರವಾಗಿದ್ದರೆ ಅದು ಮೌನವಾಗಿರುತ್ತದೆ. ‘ಒಟ್ಟಾರೆ ಅಭಿಪ್ರಾಯ’ ಎಂಬ ಕಾಲಂ ಇಡಲೇಬೇಡಿ. ಬದಲಿಗೆ ಕೊನೆಯಲ್ಲಿ ಒಂದು ಪ್ರಶ್ನೆ: ಇದನ್ನು ಕೊಳ್ಳಲು ನಿಮ್ಮ ವಿಭಾಗದ ಯಾವ ಚಂದಾ ನಿಲ್ಲಿಸಬಹುದು? ಉತ್ತರ ಖಾಲಿ ಬಂದರೆ ಅದೂ ಒಂದು ಉತ್ತರ.

ಕನ್ನಡ ವಿಭಾಗದ ಪರೀಕ್ಷೆ ಬೇರೆಯೇ

ಮಾನವಿಕಗಳ ಡೇಟಾಬೇಸ್ ಟ್ರಯಲ್ ಬಂದಾಗ ಕನ್ನಡದವರನ್ನು ಬಿಟ್ಟು ಇಂಗ್ಲಿಷ್ ವಿಭಾಗದವರನ್ನಷ್ಟೇ ಕೇಳುವುದು ಸಾಮಾನ್ಯ. ಆದರೆ ಹುಡುಕಾಟದ ಯಂತ್ರದ ಹುಳುಕು ಬಯಲಾಗುವುದು ಕನ್ನಡದವರ ಕೈಯಲ್ಲೇ. ರೋಮನ್ ಲಿಪಿಯಲ್ಲಿ ‘ವಚನ’ ಬರೆಯುವಾಗ ಪತ್ರಿಕೆಯವರು ‘ಚ’ಕ್ಕೆ ಸಿ-ಎಚ್ ಎರಡಕ್ಷರ ಹಾಕುತ್ತಾರೆ, ಲಿಪ್ಯಂತರದ ನಿಯಮ ಹಿಡಿದ ವಿದ್ವಾಂಸರು ಬರೀ ಸಿ. ‘ವೀರಶೈವ’ದ ಶಕಾರಕ್ಕೆ ಕೆಲವರು ಎಸ್-ಎಚ್, ಕೆಲವರು ಮೇಲೆ ಗೀಟಿರುವ ಎಸ್. ಎರಡೂ ರೀತಿಯಲ್ಲಿ ಹುಡುಕಿ ಫಲಿತಾಂಶದ ಸಂಖ್ಯೆ ಬರೆದುಕೊಳ್ಳಿ. ಗೀಟು, ಚುಕ್ಕಿ ಇರುವ ಅಕ್ಷರವನ್ನೂ ಇಲ್ಲದ್ದನ್ನೂ ಒಂದೇ ಎಂದು ನೋಡುವ ಯಂತ್ರವಾದರೆ ಗೀಟಿನ ತೊಂದರೆ ತೀರುತ್ತದೆ, ಆದರೆ ಸಿ ಮತ್ತು ಸಿ-ಎಚ್‌ನ, ಎಸ್ ಮತ್ತು ಎಸ್-ಎಚ್‌ನ ತೊಂದರೆ ತೀರುವುದಿಲ್ಲ. ಅದಕ್ಕೆ ವಿಷಯಸೂಚಿಯಲ್ಲಿ ಪರ್ಯಾಯ ರೂಪಗಳನ್ನು ಕೊಟ್ಟಿರಬೇಕು. ಊರುಗಳ ಹೆಸರೂ ಹಾಗೇ: 2014ರಲ್ಲಿ ಇಂಗ್ಲಿಷ್ ಕಾಗುಣಿತ ಬದಲಾದ ಮೈಸೂರು, ಬೆಂಗಳೂರು, ಬೆಳಗಾವಿಗಳನ್ನು ಹಳೆಯ, ಹೊಸ ಎರಡೂ ರೂಪದಲ್ಲಿ ಹಾಕಿ ನೋಡಿ.

ಕನ್ನಡದ್ದೇ ಪಠ್ಯ ಇರುವ ಡಿಜಿಟಲ್ ಸಂಗ್ರಹವಾದರೆ ಪರೀಕ್ಷೆ ಇನ್ನೂ ಸುಲಭ. ತೆರೆಯ ಮೇಲೆ ಚೆಂದಾಗಿ ಕಾಣುವ ಪುಟದಿಂದ ಒಂದು ಸಾಲು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡವೇ ಬಂದರೆ ಯೂನಿಕೋಡ್. ರೋಮನ್ ಅಕ್ಷರ, ಚಿತ್ರವಿಚಿತ್ರ ಚಿಹ್ನೆಗಳ ಸಾಲು ಬಂದರೆ ಅದು ಹಳೆಯ ನುಡಿಯಂಥ ಫಾಂಟಿನಲ್ಲಿ ಕೂಡಿಸಿದ ಕಡತ. ಏನೂ ಬರದಿದ್ದರೆ ಬರೀ ಸ್ಕ್ಯಾನ್. ಎರಡನೆಯ ಮತ್ತು ಮೂರನೆಯ ಬಗೆಯಲ್ಲಿ ಪಠ್ಯದೊಳಗೆ ಕನ್ನಡದಲ್ಲಿ ಹುಡುಕುವುದು ಆಗದ ಮಾತು, ಕರಪತ್ರದಲ್ಲಿ ‘ಪೂರ್ಣಪಠ್ಯ ಹುಡುಕಾಟ’ ಎಂದು ಎಷ್ಟೇ ದಪ್ಪಕ್ಷರದಲ್ಲಿ ಇರಲಿ. ಯಂತ್ರ ಓದಿದ ಪಠ್ಯವಾಗಿದ್ದರೆ ಒತ್ತಕ್ಷರಗಳಿರುವ ಐದು ಪದ, ಱ ಮತ್ತು ೞ ಇರುವ ಐದು ಪದ ಹುಡುಕಿಸಿ. ಹಳಗನ್ನಡ ಓದಿಸುವ ಮೇಷ್ಟ್ರಿಗೆ ಹತ್ತು ನಿಮಿಷ ಸಾಕು.

ಇ-ಪುಸ್ತಕಕ್ಕೆ ನಾಲ್ಕು ಅಂಕ ಯಾಕೆ

ಪುಸ್ತಕ ಇದೆಯೋ ಇಲ್ಲವೋ ಎಂಬುದು ಟ್ರಯಲ್‌ನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಗೊತ್ತಾಗುತ್ತದೆ, ಅದಕ್ಕೆ. ಸಿಲಬಸ್‌ನಲ್ಲಿರುವ ಪಠ್ಯಪುಸ್ತಕ, ಆಕರಪುಸ್ತಕಗಳ ಪಟ್ಟಿ ಹಿಡಿದು ಒಂದೊಂದನ್ನೇ ಹುಡುಕಿ. ಲಕ್ಷ ಪುಸ್ತಕಗಳ ಪ್ಯಾಕೇಜಿನಲ್ಲೂ ಬಹುಪಾಲು ಪಠ್ಯಪುಸ್ತಕಗಳು ಇರುವುದಿಲ್ಲ. ಮುದ್ರಿತ ಪ್ರತಿಯ ಮಾರಾಟ ಕುಸಿಯುತ್ತದೆಂದು ಪ್ರಕಾಶಕರು ಅವನ್ನು ಹೊರಗೇ ಇಡುತ್ತಾರೆ. ಇದ್ದರೂ ಆವೃತ್ತಿ ನೋಡಿ. ಸಿಲಬಸ್ ಕೇಳುವುದು ಎಂಟನೆಯದು, ಅಲ್ಲಿರುವುದು ಆರನೆಯದು ಆಗಿದ್ದರೆ ಅಧ್ಯಾಯಗಳ ಸಂಖ್ಯೆ ಹೊಂದುವುದಿಲ್ಲ. ಅಭ್ಯಾಸದ ಲೆಕ್ಕಗಳೂ ಬದಲಾಗಿರುತ್ತವೆ.

ಇನ್ನೊಂದು ಪರೀಕ್ಷೆಗೆ ಕಂಪ್ಯೂಟರ್ ಲ್ಯಾಬ್ ಬೇಕು. ಒಂದು ತರಗತಿಯ ಮೂವತ್ತು ಜನ ಒಂದೇ ಪುಸ್ತಕದ ಒಂದೇ ಅಧ್ಯಾಯವನ್ನು ಏಕಕಾಲಕ್ಕೆ ತೆರೆಯಲಿ. ಒಬ್ಬರ ಪರವಾನಗಿಯಾದರೆ ಎರಡನೆಯವರಿಗೆ ಬಾಗಿಲು ಮುಚ್ಚಿರುತ್ತದೆ, ಮೂರು ಜನರದ್ದಾದರೆ ನಾಲ್ಕನೆಯವರಿಗೆ. ಟ್ರಯಲ್‌ನಲ್ಲಿ ಸಾಮಾನ್ಯವಾಗಿ ಮಿತಿಯೇ ಇರುವುದಿಲ್ಲ, ಎಲ್ಲರಿಗೂ ತೆರೆಯುತ್ತದೆ, ಎಲ್ಲರೂ ಖುಷಿ. ಕೊಟೇಷನ್ ಮಾತ್ರ ಒಬ್ಬರ ಪರವಾನಗಿಯದು. ಯಾವ ಮಾದರಿಯನ್ನು ಕೊಳ್ಳುತ್ತೇವೋ ಅದೇ ಮಾದರಿಯಲ್ಲಿ ಟ್ರಯಲ್ ತೆರೆಯಿರಿ ಎಂದು ಇಮೇಲ್‌ನಲ್ಲಿ ಕೇಳಿ. ಅಧ್ಯಾಯವನ್ನು ಪಿಡಿಎಫ್ ಆಗಿ ಇಟ್ಟುಕೊಳ್ಳಬಹುದೇ, ಎಷ್ಟು ಪುಟ ಮುದ್ರಿಸಬಹುದು, ಇಳಿಸಿಕೊಂಡದ್ದು ಎಷ್ಟು ದಿನಕ್ಕೆ ಬೀಗ ಹಾಕಿಕೊಳ್ಳುತ್ತದೆ ಎಂಬುದನ್ನೂ ಪರವಾನಗಿಯಲ್ಲಿ ಓದಿ.

ಶಾಶ್ವತ ಖರೀದಿಯೋ ವರ್ಷದ ಚಂದಾವೋ ಎಂಬ ಪ್ರಶ್ನೆ ಈಗ ಮೊದಲಿಗಿಂತ ಬಿಗಿಯಾಗಿದೆ. ಪ್ರೊಕ್ವೆಸ್ಟ್‌ನ ಮಾತೃಸಂಸ್ಥೆ ಕ್ಲಾರಿವೇಟ್ 2025ರ ಫೆಬ್ರವರಿಯಲ್ಲಿ, ಇ-ಪುಸ್ತಕಗಳನ್ನು ಒಂದೇ ಸಲ ಕೊಂಡು ಇಟ್ಟುಕೊಳ್ಳುವ ವ್ಯವಸ್ಥೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಲೈಬ್ರರಿಗಳು ವಿರೋಧಿಸಿದ ಮೇಲೆ ಗಡುವನ್ನು ಮುಂದೂಡಿತು. ಚಂದಾ ನಿಂತ ದಿನ ಪುಸ್ತಕವೂ ಹೋಗುತ್ತದೆ ಎಂಬುದನ್ನು ಸಿಲಬಸ್ ಸಮಿತಿಯವರಿಗೆ ಮೊದಲೇ ಹೇಳಿರಬೇಕು. ಅವರು ಆ ಲಿಂಕನ್ನೇ ಪಾಠಪಟ್ಟಿಗೆ ಸೇರಿಸಿಬಿಟ್ಟರೆ ಮುಂದಿನ ವರ್ಷ ಪೇಚಾಟ. ಭಾರತದ ಮುದ್ರಿತ ಆವೃತ್ತಿ ಕೆಲವೇ ನೂರು ರೂಪಾಯಿಗೆ ಸಿಗುವ ಪುಸ್ತಕವಾದರೆ ಹತ್ತು ಪ್ರತಿ ಕೊಂಡು ಕಪಾಟಿನಲ್ಲಿಡುವುದೇ ಮೇಲು. ಇ-ಪುಸ್ತಕದ ಬಗ್ಗೆ ನಮಗೆ ಯಾವ ಮೋಹವೂ ಇಲ್ಲ.

ತೆರೆಯುವುದೇ ಇಲ್ಲ ಎಂಬ ದೂರು

ಟ್ರಯಲ್‌ನ ಮೊದಲ ವಾರ ವ್ಯರ್ಥವಾಗುವುದು ಬಹುತೇಕ ಐಪಿ ವಿಳಾಸದಿಂದ. ಲೈಬ್ರರಿಯ ಕಂಪ್ಯೂಟರಿನಲ್ಲಿ ಕಾಣುವ 192.168ರಿಂದ ಶುರುವಾಗುವ ಸಂಖ್ಯೆಯನ್ನು ಕಂಪನಿಗೆ ಕಳಿಸಿಬಿಡುತ್ತಾರೆ. ಅದು ಕ್ಯಾಂಪಸ್ಸಿನ ಒಳಗಿನ ವಿಳಾಸ, ಲೋಕದ ಎಷ್ಟೋ ಮನೆಗಳ ರೌಟರಿನಲ್ಲೂ ಅದೇ ಇದೆ. ಬೇಕಾದದ್ದು ಹೊರಗಿನ ಸ್ಥಿರ ಐಪಿ. ಹಾಸ್ಟೆಲ್‌ಗೆ, ಆಡಳಿತ ಕಟ್ಟಡಕ್ಕೆ ಬೇರೆ ಇಂಟರ್ನೆಟ್ ಲೈನ್ ಇದ್ದರೆ ಅವುಗಳದ್ದೂ ಕೊಡಬೇಕು. ಒಂದು ಲೈನ್ ಕೈಕೊಟ್ಟಾಗ ತಾನಾಗಿ ಇನ್ನೊಂದಕ್ಕೆ ಹೋಗುವ ವ್ಯವಸ್ಥೆ ಇದ್ದರೆ ಎರಡನೆಯದ್ದೂ ಸೇರಬೇಕು. ಇಲ್ಲವಾದರೆ ‘ಬೆಳಿಗ್ಗೆ ಬರ್ತಿತ್ತು, ಮಧ್ಯಾಹ್ನ ಇಲ್ಲ’ ಎಂಬ ದೂರು. ಮನೆಯಿಂದ ಬಳಸಲು ಇನ್‌ಫೆಡ್ (ಕಾಲೇಜಿನ ಖಾತೆಯಿಂದಲೇ ಒಳಹೋಗುವ ಇನ್‌ಫ್ಲಿಬ್‌ನೆಟ್‌ನ ವ್ಯವಸ್ಥೆ) ಅಥವಾ ಪ್ರಾಕ್ಸಿ ಇದ್ದರೆ ಟ್ರಯಲ್‌ನಲ್ಲೂ ಅದರ ಮೂಲಕವೇ ಕೊಡಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹಂಚಿದರೆ ಯಾರು ಎಷ್ಟು ಬಳಸಿದರು ಎಂಬ ಲೆಕ್ಕ ಸಿಗುವುದಿಲ್ಲ. ಯಾರೋ ಒಬ್ಬರು ಡೌನ್‌ಲೋಡ್ ಮ್ಯಾನೇಜರ್ ಹಾಕಿ ಇಡೀ ಸಂಪುಟ ಇಳಿಸಲು ಹೋದರೆ ಪ್ರಕಾಶಕರ ಯಂತ್ರ ಇಡೀ ಕ್ಯಾಂಪಸ್ಸನ್ನೇ ತಡೆಹಿಡಿಯುತ್ತದೆ. ಅಧ್ಯಾಪಕರಿಗೆ ಕೊಡುವ ಹಾಳೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದಿಡಿ.

ತಿಂಗಳು ಮುಗಿದಾಗ ಎಲ್ಲ ಕಂಪನಿಗಳ ಬಳಕೆಯನ್ನೂ ಒಂದೇ ರೀತಿ ಎಣಿಸುವ ಕೌಂಟರ್ ನಮೂನೆಯ ಬಳಕೆ ವರದಿ ಕೇಳಿ. ಕಂಪನಿ ತನ್ನದೇ ಬಣ್ಣಬಣ್ಣದ ನಕ್ಷೆ ಕಳಿಸಿದರೆ ಬೇಡ ಅನ್ನಿ. ಒಬ್ಬರು ಒಂದೇ ಕೂತಿನಲ್ಲಿ ಲೇಖನವನ್ನು ಮೊದಲು ವೆಬ್ ಪುಟವಾಗಿ, ಆಮೇಲೆ ಪಿಡಿಎಫ್ ಆಗಿ ತೆರೆದರೆ ‘ಟೋಟಲ್ ಐಟಂ ರಿಕ್ವೆಸ್ಟ್ಸ್’ನಲ್ಲಿ ಎರಡು, ‘ಯುನೀಕ್ ಐಟಂ ರಿಕ್ವೆಸ್ಟ್ಸ್’ನಲ್ಲಿ ಒಂದು. ಹೋಲಿಸಬೇಕಾದ್ದು ಎರಡನೆಯದನ್ನು. ಇ-ಪುಸ್ತಕಕ್ಕೆ ಬಾಗಿಲು ಮುಚ್ಚಿದ್ದರ ವರದಿಯೂ ಇದೆ, ಟಿಆರ್ ಬಿ2. ಅದರಲ್ಲಿ ‘ನೋ ಲೈಸೆನ್ಸ್’ ಎಂದರೆ ಆ ಪುಸ್ತಕ ನಿಮ್ಮ ಪ್ಯಾಕೇಜಿನಲ್ಲಿಲ್ಲ, ‘ಲಿಮಿಟ್ ಎಕ್ಸೀಡೆಡ್’ ಎಂದರೆ ಪುಸ್ತಕ ಇದೆ, ಏಕಕಾಲದ ಓದುಗರ ಮಿತಿ ಮುಗಿದಿತ್ತು. ಮೊದಲನೆಯದಕ್ಕೆ ಹೊಸ ಪುಸ್ತಕ ಬೇಕು, ಎರಡನೆಯದಕ್ಕೆ ಇದ್ದದ್ದಕ್ಕೇ ದೊಡ್ಡ ಪರವಾನಗಿ.

ಟ್ರಯಲ್ ತಿಂಗಳ ಬಳಕೆಯನ್ನು ಹನ್ನೆರಡರಿಂದ ಗುಣಿಸಿ ವರ್ಷದ ಬಳಕೆ ಎಂದು ಕಮಿಟಿ ಮುಂದೆ ಇಡಬೇಡಿ. ಆ ತಿಂಗಳಲ್ಲಿ ಲೈಬ್ರರಿ ಸಿಬ್ಬಂದಿಯ ಪರೀಕ್ಷೆಯೂ ಅಧ್ಯಾಪಕರ ಇಪ್ಪತ್ತು ಉಲ್ಲೇಖಗಳೂ ಸೇರಿಕೊಂಡಿವೆ. ಈಗಾಗಲೇ ಕೊಂಡಿರುವ ಸರಕಿಗಾದರೆ ಲೆಕ್ಕ ನೇರ: 2,40,000 ರೂಪಾಯಿಯ ಪ್ಯಾಕೇಜನ್ನು ವರ್ಷಕ್ಕೆ 800 ಸಲ ತೆರೆದರೆ ಒಂದು ಲೇಖನಕ್ಕೆ 300 ರೂಪಾಯಿ ಬಿತ್ತು. ಹೊಸದರ ಎದುರು ಇಡಬೇಕಾದ ಅಳತೆ ಇದು. ಸೈಟೇಷನ್ ಡೇಟಾಬೇಸ್‌ಗೆ ಈ ಲೆಕ್ಕ ಒಗ್ಗುವುದಿಲ್ಲ, ಅಲ್ಲಿ ಹುಡುಕಾಟವೇ ಬಳಕೆ. ಅದಕ್ಕೇ ಮೂರು ಅಂಕ. ಅಲ್ಲದೆ ಅಂಥದ್ದನ್ನು ಕೇಳುವವರಲ್ಲಿ ಎಷ್ಟೋ ಜನರಿಗೆ ಬೇಕಾಗಿರುವುದು ತಮ್ಮದೇ ಎಚ್-ಇಂಡೆಕ್ಸ್, ಅಂದರೆ ತಮ್ಮ ಲೇಖನಗಳು ಎಷ್ಟು ಉಲ್ಲೇಖವಾಗಿವೆ ಎಂಬುದರಿಂದ ಬರುವ ಅಂಕ. ಅದಕ್ಕೆ ಗೂಗಲ್ ಸ್ಕಾಲರ್ ಸಾಕಾಗುತ್ತದೋ ಇಲ್ಲವೋ ಎಂದು ಆ ಅಧ್ಯಾಪಕರನ್ನೇ ಮುಖಾಮುಖಿ ಕೇಳಿ.

ಕೊಟೇಷನ್ ಬಂದಾಗ

ಟ್ರಯಲ್‌ನಲ್ಲಿ ಕಂಡದ್ದೆಲ್ಲ ಕೊಟೇಷನ್‌ನಲ್ಲಿ ಇರುವುದಿಲ್ಲ. ಕೊಟೇಷನ್ ಜೊತೆ ಬಂದ ಶೀರ್ಷಿಕೆ ಪಟ್ಟಿಯನ್ನು ಟ್ರಯಲ್‌ಗೆ ಮೊದಲು ಬಂದ ಪಟ್ಟಿಯ ಜೊತೆ ಮತ್ತೆ ತಾಳೆ ನೋಡಿ. ಕಾಣೆಯಾದ ಹೆಸರುಗಳನ್ನು ಆಯಾ ವಿಭಾಗದ ಇಬ್ಬರಿಗೆ ತೋರಿಸಿ. ಬೆಲೆ ರೂಪಾಯಿಯಲ್ಲೋ ಡಾಲರ್‌ನಲ್ಲೋ, ಡಾಲರ್ ಆದರೆ ಯಾವ ದಿನದ ದರ, ಜಿಎಸ್‌ಟಿ ಬೇರೆ ಸಾಲಿನಲ್ಲಿದೆಯೇ, ಮುಂದಿನ ವರ್ಷ ಶೇಕಡಾ ಎಷ್ಟಕ್ಕಿಂತ ಹೆಚ್ಚು ಏರಿಸುವುದಿಲ್ಲ ಎಂದು ಬರೆದುಕೊಡುತ್ತಾರೆಯೇ, ತಾನಾಗಿ ನವೀಕರಣವಾಗುವ ಷರತ್ತು ಎಲ್ಲಾದರೂ ಅಡಗಿದೆಯೇ ಎಂದು ನೋಡಿ. ಸರ್ಕಾರಿ ಕಾಲೇಜಿನಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಕಾಯ್ದೆಯ ಕೆಳಗೆ ಖರೀದಿ ನಡೆಯಬೇಕು. ಈ ಸರಕನ್ನು ಒಬ್ಬರೇ ಮಾರುತ್ತಾರೆ ಎಂಬುದಕ್ಕೆ ಪ್ರಕಾಶಕರಿಂದ ಪತ್ರ ಬೇಕಾದೀತು. ಅಧ್ಯಾಪಕರು ತುಂಬಿದ ಆ ಹಾಳೆಗಳು ಲೈಬ್ರರಿ ಕಮಿಟಿಯ ನಡವಳಿಗೆ ಲಗತ್ತಾಗಿದ್ದರೆ ಆಡಿಟ್‌ನವರು ‘ಇದನ್ನೇ ಯಾಕೆ ಕೊಂಡಿರಿ’ ಎಂದಾಗ ತೋರಿಸಲು ಆಧಾರ ಸಿಗುತ್ತದೆ.

ಬೇಡ ಎಂದು ತೀರ್ಮಾನವಾದರೆ ಅದನ್ನೂ ಕಾರಣ ಸಮೇತ ಎರಡು ಸಾಲಿನಲ್ಲಿ ಕಂಪನಿಗೂ ಅಧ್ಯಾಪಕರಿಗೂ ತಿಳಿಸಿ: ಎಷ್ಟು ಶೀರ್ಷಿಕೆ ಈಗಾಗಲೇ ಇದ್ದವು, ಇಪ್ಪತ್ತಕ್ಕೆ ಎಷ್ಟು ಹೆಚ್ಚಾಯಿತು, ಬೆಲೆ ಎಷ್ಟಕ್ಕೆ ಇಳಿದರೆ ಮತ್ತೆ ನೋಡಬಹುದು. ವೆಬ್‌ಸೈಟ್, ಕೋಹಾ ಅಥವಾ ಇ-ಗ್ರಂಥಾಲಯ ತಂತ್ರಾಂಶದ ಕ್ಯಾಟಲಾಗಿನಿಂದ ಟ್ರಯಲ್ ಲಿಂಕ್‌ಗಳನ್ನು ಅದೇ ದಿನ ತೆಗೆಯಿರಿ. ಇಮೇಲ್ ಕೊಟ್ಟು ಖಾತೆ ತೆರೆದ ಅಧ್ಯಾಪಕರ, ವಿದ್ಯಾರ್ಥಿಗಳ ವಿವರ ಅಳಿಸುವಂತೆ ಕಂಪನಿಗೆ ಬರೆಯಿರಿ. ಅಳಿಸದಿದ್ದರೆ ಮಾರಾಟದ ಇಮೇಲ್‌ಗಳು ಅವರ ಇನ್‌ಬಾಕ್ಸಿಗೆ ಬರುತ್ತಲೇ ಇರುತ್ತವೆ, ಮುಂದಿನ ಟ್ರಯಲ್‌ಗೆ ಅದೇ ಅಧ್ಯಾಪಕರನ್ನು ನಲವತ್ತು ನಿಮಿಷ ಕೇಳುವುದು ಕಷ್ಟವಾಗುತ್ತದೆ.